ಸಭೆಯ ಪರವಾಗಿ ನಿಂತವರ ಹಾಡು

ಯಹೂದಿಗಳ ಹೊಸ ವರ್ಷದ ಹಬ್ಬ ರೋಶ್ ಹಶಾನಾ. ಅದೇ ತಿಂಗಳ ಹತ್ತನೇ ದಿನ ಬರುವ ಉಪವಾಸದ ಹಬ್ಬ ಯೋಮ್ ಕಿಪ್ಪೂರ್. ಈ ಎರಡು ಹಬ್ಬಗಳ ಬೆಳಗಿನ ಪೂಜೆ ಮುಗಿದು, ಮುಸಾಫ್ ಎನ್ನುವ ಹೆಚ್ಚಿನ ಪ್ರಾರ್ಥನೆ ಶುರುವಾಗುವ ಮೊದಲು ಒಂದು ಘಟ್ಟ ಬರುತ್ತದೆ. ಅಲ್ಲಿಯವರೆಗೆ ಎಲ್ಲರ ಪರವಾಗಿ ಹಾಡುತ್ತಿದ್ದ ಹಜ್ಜಾನ್, ಅಂದರೆ ಪ್ರಾರ್ಥನೆ ನಡೆಸಿಕೊಡುವ ಗಾಯಕರು, ಈಗ ತಮಗೋಸ್ಕರ ಬೇಡಿಕೊಳ್ಳುತ್ತಾರೆ. ಈ ಪ್ರಾರ್ಥನೆಯ ಹೆಸರು ಹಿನೆನಿ.

ಬಹಳಷ್ಟು ಸಿನಗಾಗ್‌ಗಳಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳಲ್ಲಿ, ಅವರು ಇದನ್ನು ಮುಂದೆ ನಿಂತು ಹಾಡುವುದಿಲ್ಲ. ಹಿಂದಿನ ಬಾಗಿಲ ಹತ್ತಿರದಿಂದ ಶುರು ಮಾಡುತ್ತಾರೆ. ಮೈಮೇಲೆ ಬಿಳಿ ನಿಲುವಂಗಿ, ತಲೆಯ ಮೇಲಿಂದ ಹೊದ್ದ ಪ್ರಾರ್ಥನೆಯ ಶಾಲು. ಕೂತ ಜನರ ಸಾಲುಗಳ ನಡುವೆ ಒಂದೊಂದೇ ಹೆಜ್ಜೆ ಇಡುತ್ತಾ, ಹಾಡುತ್ತಾ, ಮುಂದಿನ ಪೀಠದ ಕಡೆಗೆ ಬರುತ್ತಾರೆ. ಅವರು ಹೇಳುವುದರ ತಾತ್ಪರ್ಯ ಇಷ್ಟು: ಇಗೋ ಬಂದಿದ್ದೇನೆ, ಒಳ್ಳೆಯ ಕೆಲಸ ಅಂತ ಹೇಳಿಕೊಳ್ಳೋಕೆ ಏನೂ ಇಲ್ಲದ ಬಡವ. ಹೆದರಿ ನಡುಗುತ್ತಿದ್ದೇನೆ. ನಿನ್ನ ಜನ ನನ್ನನ್ನು ಕಳಿಸಿದ್ದಾರೆ, ಅದಕ್ಕೆ ನಾನು ತಕ್ಕವನಲ್ಲ. ನನ್ನ ಪಾಪಕ್ಕೆ ಅವರನ್ನು ಹೊಣೆ ಮಾಡಬೇಡ. ಅವರಿಂದಾಗಿ ನಾನು ತಲೆ ತಗ್ಗಿಸುವಂತೆ ಆಗದಿರಲಿ, ನನ್ನಿಂದಾಗಿ ಅವರೂ ತಲೆ ತಗ್ಗಿಸುವಂತೆ ಆಗದಿರಲಿ. ಮುಂದುವರಿದು, ನುರಿತ ಹಿರಿಯನೊಬ್ಬನ, ಗಡ್ಡ ತುಂಬಿದವನ, ದನಿ ಇಂಪಾಗಿರುವವನ ಪ್ರಾರ್ಥನೆ ಅಂತಲೇ ನನ್ನದನ್ನೂ ಒಪ್ಪಿಕೋ ಅಂತ ಬೇಡುತ್ತಾರೆ.

ಸುಮ್ನೆ ಯೋಚಿಸಿ. ಇಡೀ ಊರಲ್ಲೇ ಒಳ್ಳೆಯ ದನಿ ಇದೆ ಅಂತ ಆರಿಸಿ ನಿಲ್ಲಿಸಿದ ಗಾಯಕರು ಇವರು. ವರ್ಷದ ಅತಿ ದೊಡ್ಡ ದಿನ, ಸಿನಗಾಗ್ ಕಿಕ್ಕಿರಿದು ತುಂಬಿದೆ. ಆ ಹೊತ್ತಿನಲ್ಲಿ ತಮ್ಮ ದನಿ ಇಂಪಾಗಿಲ್ಲವೇನೋ ಅನ್ನುವ ಅಳುಕನ್ನು ಅವರು ಎಲ್ಲರಿಗೂ ಕೇಳುವಂತೆ ಹಾಡಿ ಹೇಳುತ್ತಾರೆ. ಹಜ್ಜಾನರ ಸಂಗೀತದ ಬಗ್ಗೆ ನನಗಿರುವ ಪ್ರೀತಿಯ ಮೂಲ ಇಲ್ಲಿದೆ. ಕಲೆಯ ತುತ್ತತುದಿಗೆ ಹೋದ ಸಂಗೀತ ಇದು. ಆದರೂ ಹಾಡುವವರು ತಮಗಾಗಿ ಹಾಡುತ್ತಿಲ್ಲ, ನಮ್ಮ ಮುಂದೆಯೂ ಹಾಡುತ್ತಿಲ್ಲ. ನಮ್ಮ ಬದಲಿಗೆ ಹಾಡುತ್ತಿದ್ದಾರೆ. ಇದನ್ನು ಮರೆತು ಕೇಳಿದರೆ ಸೊಗಸಾದ ಟೆನರ್, ಅಂದರೆ ಗಂಡಸಿನ ಎತ್ತರದ ದನಿ ಕೇಳಿಸುತ್ತದೆ, ಅಷ್ಟೇ.

ಯಹೂದಿ ಪ್ರಾರ್ಥನೆಯಲ್ಲಿ ಪೂಜಾರಿ ಇಲ್ಲ. ಜೆರುಸಲೇಮಿನ ದೇವಾಲಯ ಇದ್ದಾಗ ಬಲಿ ಕೊಡುವ ಪುರೋಹಿತರಿದ್ದರು, ವಾದ್ಯ ನುಡಿಸಿ ಹಾಡುವ ಲೇವಿಯರಿದ್ದರು. ಕ್ರಿ.ಶ. 70ರಲ್ಲಿ ರೋಮನ್ನರು ಅದನ್ನು ಸುಟ್ಟು ಕೆಡವಿದ ಮೇಲೆ ಬಲಿಯ ಜಾಗಕ್ಕೆ ಮಾತು ಬಂತು. ರಬ್ಬಿ ಅಂದರೆ ಶಾಸ್ತ್ರ ಬಲ್ಲ ಗುರು. ಪ್ರಾರ್ಥನೆ ನಡೆಸಲು ಅವರೇ ಆಗಬೇಕು ಅಂತೇನಿಲ್ಲ. ಪ್ರಾರ್ಥನೆ ಬಲ್ಲ, ಸಭೆ ಒಪ್ಪಿದ ಯಾರು ಬೇಕಾದರೂ ಮುಂದೆ ನಿಲ್ಲಬಹುದು. ಅಚ್ಚು ಹಾಕಿದ ಪುಸ್ತಕ ಇಲ್ಲದ ಕಾಲದಲ್ಲಿ ಎಲ್ಲರಿಗೂ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೇ ಅಮಿದಾ ಎನ್ನುವ ಮುಖ್ಯ ಪ್ರಾರ್ಥನೆಯನ್ನು ಮೊದಲು ಎಲ್ಲರೂ ನಿಂತು ತಮ್ಮಷ್ಟಕ್ಕೆ ಮೆಲ್ಲಗೆ ಹೇಳಿಕೊಳ್ಳುತ್ತಾರೆ, ಆಮೇಲೆ ಮುಂದೆ ನಿಂತವರು ಅದನ್ನೇ ಗಟ್ಟಿಯಾಗಿ ಮತ್ತೊಮ್ಮೆ ಹೇಳುತ್ತಾರೆ. ಓದಲು ಬಾರದವರು ಪ್ರತಿ ಆಶೀರ್ವಚನಕ್ಕೆ ಆಮೇನ್ ಅಂದರೆ ಸಾಕು, ಅವರ ಪ್ರಾರ್ಥನೆಯೂ ಸಂದಂತೆ. ಇವತ್ತು ಎಲ್ಲರ ಕೈಯಲ್ಲೂ ಪುಸ್ತಕ ಇದೆ. ಆದರೂ ಈ ಪದ್ಧತಿ ಬಿಟ್ಟಿಲ್ಲ.

ಹಾಗಾದರೆ ಯಾರನ್ನು ನಿಲ್ಲಿಸಬೇಕು? ಸುಮಾರು ಕ್ರಿ.ಶ. 200ರ ಹೊತ್ತಿಗೆ ಒಟ್ಟುಗೂಡಿದ ಮಿಶ್ನಾ ಎನ್ನುವ ಶಾಸ್ತ್ರಗ್ರಂಥದಲ್ಲಿ ಇದಕ್ಕೆ ಒಂದು ಉತ್ತರ ಇದೆ. ಸಂದರ್ಭ ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ: ಮಳೆ ಬಂದಿಲ್ಲ, ಊರಿಗೆ ಊರೇ ಉಪವಾಸ ಕೂತಿದೆ. ಆಗ ಮುಂದೆ ನಿಲ್ಲುವವನು ವಯಸ್ಸಾದವನಾಗಿರಬೇಕು, ಪ್ರಾರ್ಥನೆಯಲ್ಲಿ ಪಳಗಿದವನಾಗಿರಬೇಕು. ಅವನಿಗೆ ಮಕ್ಕಳಿರಬೇಕು, ಮನೆ ಮಾತ್ರ ಬರಿದಾಗಿರಬೇಕು. ಯಾಕೆ ಅಂದರೆ, ಅವನ ಮನಸ್ಸು ಪೂರ್ತಿಯಾಗಿ ಪ್ರಾರ್ಥನೆಯಲ್ಲಿ ಇರಬೇಕು. ಮಕ್ಕಳು ಹಸಿದಿದ್ದಾರೆ, ಕಣಜ ಖಾಲಿ. ಅವನು ಮಳೆ ಕೇಳಿದರೆ ಅದು ಹೊಟ್ಟೆಯಿಂದ ಬಂದ ಕೂಗೇ ಆಗಿರುತ್ತದೆ. ಈ ಮಾತು ಓದಿದಾಗಿನಿಂದ ಯಾವ ಹಜ್ಜಾನರನ್ನು ಕೇಳಿದರೂ ನನಗೆ ಆ ಬರಿದಾದ ಮನೆಯ ಮುದುಕ ನೆನಪಾಗುತ್ತಾನೆ. ಅದೇ ಮಿಶ್ನಾ ಇನ್ನೊಂದು ಕಡೆ, ಸಭೆಯ ಪರವಾಗಿ ನಿಂತವನು ತಪ್ಪಿದರೆ ಕಳಿಸಿದವರಿಗೇ ಅಪಶಕುನ ಅನ್ನುತ್ತದೆ. ಎಂಥ ಭಾರ ಅಲ್ವಾ ಅದು!

ಇನ್ನು ಸಂಗೀತಕ್ಕೆ ಬರೋಣ. ಸಾಂಪ್ರದಾಯಿಕ ಸಿನಗಾಗ್‌ನಲ್ಲಿ ಶಬ್ಬಾತ್ ಎನ್ನುವ ವಾರದ ವಿಶ್ರಾಂತಿಯ ದಿನ (ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ), ಹಬ್ಬದ ದಿನ ಯಾವ ವಾದ್ಯವೂ ಇಲ್ಲ. ದೇವಾಲಯ ಹೋದ ದುಃಖ ಒಂದು ಕಾರಣ. ಶಬ್ಬಾತಿನಂದು ಕೆಲಸ ಮಾಡಬಾರದು, ವಾದ್ಯದ ತಂತಿ ಹರಿದರೆ ಕೈ ತಾನಾಗಿ ರಿಪೇರಿಗೆ ಹೋಗುತ್ತದೆ ಅನ್ನುವುದು ಇನ್ನೊಂದು. ಶ್ರುತಿಪೆಟ್ಟಿಗೆ ಕೂಡ ಇಲ್ಲ. ತಾಳವೂ ಇಲ್ಲ ಎನ್ನಬಹುದು. ಮುಖ್ಯ ಭಾಗಗಳೆಲ್ಲ ಮಾತಿನ ಉಸಿರಿಗೆ ತಕ್ಕಂತೆ ಹರಿಯುತ್ತವೆ. ಒಂದು ಪದದ ಮೇಲೆ ನಿಲ್ಲುವುದು, ಅದನ್ನೇ ಎಳೆಯುವುದು, ಮಂದ್ರದಿಂದ ತಾರಕ್ಕೆ ಏರಿ ಮತ್ತೆ ಇಳಿಯುವುದು. ದಾಸರ ಉಗಾಭೋಗಗಳನ್ನು ಒಳ್ಳೆಯ ಗಾಯಕರ ಬಾಯಲ್ಲಿ ಕೇಳಿದವರಿಗೆ ಈ ನಡೆ ಬೇಗ ಹಿಡಿಸುತ್ತದೆ.

ಹಾಗಂತ ಮನಸ್ಸಿಗೆ ಬಂದಂತೆ ಹಾಡುವ ಹಾಗಿಲ್ಲ. ನುಸಾಖ್ ಅಂತ ಒಂದು ಕಟ್ಟು ಇದೆ. ಯಾವ ಪ್ರಾರ್ಥನೆಗೆ, ಯಾವ ಹೊತ್ತಿಗೆ, ಯಾವ ಹಬ್ಬಕ್ಕೆ ಯಾವ ಸ್ವರಜಾಡು, ಯಾವ ಪದಗುಚ್ಛ, ಎಲ್ಲಿ ಮುಗಿಸಬೇಕು ಎನ್ನುವ ನಿಯಮ ಅದು. ವಾರದ ದಿನದ ಸಂಜೆ ಹೇಳುವ ಮಾತುಗಳೇ ಶುಕ್ರವಾರ ಸಂಜೆ ಬೇರೆ ಜಾಡಿನಲ್ಲಿ ಬರುತ್ತವೆ, ಯೋಮ್ ಕಿಪ್ಪೂರಿನಲ್ಲಿ ಮತ್ತೂ ಬೇರೆ. ಕಿವಿ ಪಳಗಿದ ಯಹೂದಿಯೊಬ್ಬರು ಕಣ್ಣು ಮುಚ್ಚಿ ಕೇಳಿದರೂ ಇದು ಯಾವ ದಿನ, ಯಾವ ಹೊತ್ತು ಅಂತ ಹೇಳಬಲ್ಲರು. ಧಾರವಾಡದ ಕಡೆ ಹಿಂದುಸ್ತಾನಿ ಕೇಳಿ ಬೆಳೆದವರಿಗೆ ರಾಗಸಮಯದ ಲೆಕ್ಕ ಗೊತ್ತಿರುವುದರಿಂದ ಇದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ.

ಪೂರ್ವ ಯುರೋಪಿನ ಹಜ್ಜಾನರು ತುಂಬ ಬಳಸುವ ಒಂದು ಜಾಡಿಗೆ ಅಹಾವಾ ರಬ್ಬಾ ಅಂತ ಹೆಸರು, ಬೆಳಗಿನ ಒಂದು ಪ್ರಾರ್ಥನೆಯಿಂದ ಬಂದದ್ದು. ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ. ನಮ್ಮ ವಕುಳಾಭರಣದ ಸ್ವರಗಳೇ! ಹಿಂದುಸ್ತಾನಿಯವರಿಗೆ ಬಸಂತ್ ಮುಖಾರಿ. ರಿಷಭಕ್ಕೂ ಗಾಂಧಾರಕ್ಕೂ ನಡುವಿನ ಆ ದೊಡ್ಡ ಹಾರುವಿಕೆಯಲ್ಲಿ ಅಳುವೂ ಇದೆ, ಒಂದು ಬಗೆಯ ಧೈರ್ಯವೂ ಇದೆ. ಇನ್ನೊಂದು ಜಾಡು ಮಿ ಶೆಬೇರಖ್, ಅದರಲ್ಲಿ ಪ್ರತಿ ಮಧ್ಯಮ ಬರುತ್ತದೆ, ಸ್ವರಗಳು ಹೇಮವತಿಯವು. ಸ್ವರಗಳು ಒಂದೇ ಆದರೂ ರಾಗ ಒಂದೇ ಅಲ್ಲ. ಗಮಕ ಬೇರೆ, ನಡೆ ಬೇರೆ, ಹುಟ್ಟೂ ಬೇರೆ. ನಮ್ಮ ಕಿವಿಗೆ ಒಳಗೆ ಹೋಗಲು ಒಂದು ಬಾಗಿಲು ಸಿಕ್ಕಿತು ಎನ್ನುವುದಷ್ಟೇ ಇದರ ಬೆಲೆ. ನನಗಂತೂ ಅದು ದೊಡ್ಡ ಬೆಲೆ.

ಮೇಲೆ ಹೇಳಿದ್ದೆಲ್ಲ ಅಶ್ಕೆನಾಜಿ, ಅಂದರೆ ಜರ್ಮನಿ, ಪೋಲೆಂಡ್, ರಷ್ಯಾ ಕಡೆಯ ಸಂಪ್ರದಾಯ. ಅರಬ್ ನಾಡುಗಳ ಯಹೂದಿಗಳದ್ದು ಬೇರೆ ಲೋಕ. ಸಿರಿಯಾದ ಅಲೆಪ್ಪೊ ಮೂಲದವರು ಆ ವಾರ ಓದುವ ತೋರಾ ಎನ್ನುವ ಧರ್ಮಗ್ರಂಥದ ಭಾಗಕ್ಕೆ ತಕ್ಕ ಮಕಾಮ್, ಅಂದರೆ ಅರಬ್ ಸಂಗೀತದ ರಾಗದಂಥ ಜಾಡು, ಆರಿಸಿ ಶಬ್ಬಾತಿನ ಪ್ರಾರ್ಥನೆಯನ್ನು ಅದರಲ್ಲಿ ಹಾಡುತ್ತಾರೆ. ದುಃಖದ ಕಥೆ ಬರುವ ವಾರಕ್ಕೆ ಹಿಜಾಜ್. ಈಗ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೆಲೆಸಿರುವ ಅವರ ಮಕ್ಕಳು, ಮೊಮ್ಮಕ್ಕಳೂ ಇದನ್ನು ಬಿಟ್ಟಿಲ್ಲ.

ನಮ್ಮ ಕಡೆಯ ಒಂದು ಎಳೆಯೂ ಇದೆ. ಮುಂಬೈಯ ಮೊದಲ ಸಿನಗಾಗ್ 1796ರದ್ದು. ಕಟ್ಟಿಸಿದವರು ಬೆನೆ ಇಸ್ರೇಲ್ ಸಮುದಾಯದ ಸ್ಯಾಮ್ಯುಯೆಲ್ ದಿವೇಕರ್, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವರು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆ ಸಿಕ್ಕಿ, ಬದುಕಿ ಬಂದದ್ದಕ್ಕೆ ಹರಕೆಯಾಗಿ ಕಟ್ಟಿಸಿದರು ಎಂದು ಸಮುದಾಯ ಇವತ್ತಿಗೂ ಹೇಳಿಕೊಳ್ಳುತ್ತದೆ. ಕೊಂಕಣದ ಹಳ್ಳಿಗಳಲ್ಲಿ ಶತಮಾನಗಳ ಕಾಲ ಬೇರೆ ಯಹೂದಿಗಳ ಒಡನಾಟ ಇಲ್ಲದೆ ಬದುಕಿದ ಆ ಜನರಿಗೆ ಪ್ರಾರ್ಥನೆ ನಡೆಸಿಕೊಡಲು, ಹೀಬ್ರೂ ಕಲಿಸಲು 19ನೇ ಶತಮಾನದಲ್ಲಿ ಕೊಚ್ಚಿಯಿಂದ ಯಹೂದಿಗಳು ಹೋದರು. ಹಾಡುವವರು ಸಿಕ್ಕರೆ ಸಮುದಾಯಕ್ಕೆ ತನ್ನ ಪ್ರಾರ್ಥನೆ ಸಿಕ್ಕಿದಂತೆ.

ದೊಡ್ಡ ಹೆಸರಿನ ಹಜ್ಜಾನರ ಬಗ್ಗೆ ಹೇಳುವ ಮೊದಲು ಹೆಸರಿಲ್ಲದ ಒಬ್ಬರ ಬಗ್ಗೆ ಹೇಳಬೇಕು. ನ್ಯೂಯಾರ್ಕಿನ ಒಂದು ಹಳೆಯ, ಚಿಕ್ಕ ಸಿನಗಾಗ್‌ಗೆ ಶುಕ್ರವಾರ ಸಂಜೆ ಹೋಗಿದ್ದೆ. ಹೆಂಗಸರಿಗೆ ಮೇಲೆ ಮಹಡಿಯಲ್ಲಿ ಜಾಗ. ಪಕ್ಕದಲ್ಲಿದ್ದ ಅಜ್ಜಿ ನನ್ನ ಕೈಯಲ್ಲಿದ್ದ ಪುಸ್ತಕದ ಪುಟ ತಿರುಗಿಸಿ ಎಲ್ಲಿದ್ದೇವೆ ಅಂತ ಬೆರಳಿಟ್ಟು ತೋರಿಸುತ್ತಿದ್ದರು. ಕೆಳಗೆ ಪ್ರಾರ್ಥನೆ ನಡೆಸುತ್ತಿದ್ದವರು ಸಂಬಳದ ಹಜ್ಜಾನ್ ಅಲ್ಲ, ಆ ಸಭೆಯ ಸದಸ್ಯರೊಬ್ಬರು. ನಡುವಯಸ್ಸು, ಆಫೀಸಿನಿಂದ ನೇರ ಬಂದಂಥ ಕೋಟು. ದನಿ ದೊಡ್ಡದಲ್ಲ, ಮೇಲಿನ ಸ್ವರದಲ್ಲಿ ಸ್ವಲ್ಪ ಒಡೆಯುತ್ತಿತ್ತು. ಅವರು ನಮಗೆ ಬೆನ್ನು ಮಾಡಿ ನಿಂತಿದ್ದರು. ತೋರಾ ಸುರುಳಿಗಳಿರುವ ಕಪಾಟಿನ ಕಡೆಗೆ ಅವರ ಮುಖ. ಕಛೇರಿಗಳನ್ನು ಕೇಳಿ ಬೆಳೆದ ನನಗೆ ಕೇಳುಗರಿಗೆ ಬೆನ್ನು ತೋರಿಸಿ ಹಾಡುವವರನ್ನು ಕಂಡದ್ದು ಅದೇ ಮೊದಲು. ಒಂದೊಂದು ಪ್ಯಾರಾ ಎಲ್ಲರೂ ಗುಣುಗುಣು ಅಂತ ತಮ್ಮ ತಮ್ಮ ವೇಗದಲ್ಲಿ ಓದಿಕೊಳ್ಳುತ್ತಾರೆ, ಕೊನೆಯ ಎರಡು ಸಾಲನ್ನು ಅವರು ಎತ್ತಿ ಹಾಡುತ್ತಾರೆ, ಚೆಲ್ಲಾಪಿಲ್ಲಿಯಾಗಿದ್ದ ದನಿಗಳೆಲ್ಲ ಅಲ್ಲಿ ಬಂದು ಕೂಡುತ್ತವೆ, ಮತ್ತೆ ಮುಂದಿನ ಪ್ಯಾರಾಕ್ಕೆ ಚದುರುತ್ತವೆ. ಒಬ್ಬರು ಹಾಡುವುದರಿಂದ ಇಷ್ಟು ಜನ ಒಟ್ಟಿಗೆ ಇರಲು ಆಗುತ್ತಿದೆ ಎನ್ನುವುದು ಮೇಲಿನಿಂದ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿತ್ತು.

ಆಮೇಲೆ ಲೆಖಾ ದೋದಿ ಬಂತು. 16ನೇ ಶತಮಾನದಲ್ಲಿ ಗಲಿಲಾಯದ ಸಫೇದ್ ಊರಿನಲ್ಲಿದ್ದ ಶ್ಲೋಮೊ ಅಲ್ಕಬೆಟ್ಸ್ ಬರೆದ ಹಾಡು, ಶಬ್ಬಾತನ್ನು ಮದುಮಗಳೆಂದು ಕರೆಯುವ ಹಾಡು. ಕೊನೆಯ ನುಡಿಗೆ ಎಲ್ಲರೂ ಎದ್ದು ಪೂರ್ತಿ ಹಿಂದಕ್ಕೆ ತಿರುಗಿ ಬಾಗಿಲ ಕಡೆ ನೋಡಿ ತಲೆ ಬಾಗಿಸುತ್ತಾರೆ, ಮದುಮಗಳು ಒಳಗೆ ಬಂದಳು ಅಂತ. ಅಷ್ಟು ಹೊತ್ತು ಬೆನ್ನು ಕಾಣುತ್ತಿದ್ದ ಆ ಮನುಷ್ಯರೂ ತಿರುಗಿದರು. ಮುಖ ಬೆವೆತಿತ್ತು. ಕಣ್ಣು ಮುಚ್ಚಿಕೊಂಡೇ ಹಾಡುತ್ತಿದ್ದರು. ಅವರು ದೊಡ್ಡ ಗಾಯಕರಲ್ಲ ಎನ್ನುವುದು ಅಲ್ಲಿದ್ದ ಯಾರಿಗೂ ಲೆಕ್ಕಕ್ಕೇ ಇರಲಿಲ್ಲ.

ದೊಡ್ಡ ಗಾಯಕರು ನಿಂತಾಗ ಏನಾಗುತ್ತದೆ ಅಂತ ತಿಳಿಯಬೇಕಾದರೆ ಕೋಲ್ ನಿದ್ರೆ ಕೇಳಬೇಕು. ಯೋಮ್ ಕಿಪ್ಪೂರ್ ಶುರುವಾಗುವ ಸಂಜೆ, ಸೂರ್ಯ ಮುಳುಗುವ ಮೊದಲು. ಕಪಾಟಿನಿಂದ ತೋರಾ ಸುರುಳಿಗಳನ್ನು ಹೊರಗೆ ತರುತ್ತಾರೆ. ಹಜ್ಜಾನರ ಎಡಕ್ಕೊಬ್ಬರು ಬಲಕ್ಕೊಬ್ಬರು ಹಿರಿಯರು ನಿಲ್ಲುತ್ತಾರೆ. ಮೂವರು ಸೇರಿದರೆ ಯಹೂದಿ ಶಾಸ್ತ್ರದ ಪ್ರಕಾರ ಅದು ನ್ಯಾಯಸ್ಥಾನ. ಮೊದಲು ಒಂದು ಘೋಷಣೆ: ಮೇಲಿನ ನ್ಯಾಯಸ್ಥಾನದ, ಕೆಳಗಿನ ನ್ಯಾಯಸ್ಥಾನದ ಒಪ್ಪಿಗೆಯಿಂದ, ತಪ್ಪು ಮಾಡಿದವರ ಜೊತೆ ನಿಂತು ಪ್ರಾರ್ಥಿಸಲು ಅನುಮತಿ ಕೊಡುತ್ತಿದ್ದೇವೆ. ಆಮೇಲೆ ಹಾಡು.

ಆ ಹಾಡಿನ ಮಾತುಗಳಲ್ಲಿ ಕಾವ್ಯ ಏನೂ ಇಲ್ಲ. ಅರಮೇಯಿಕ್ ಭಾಷೆಯ ಒಂದು ಕಾನೂನು ಪಠ್ಯ ಅದು, ನಮ್ಮ ನೋಂದಣಿ ಕಚೇರಿಯ ಪತ್ರದ ಭಾಷೆಯ ಥರ. ಎಲ್ಲ ಹರಕೆಗಳು, ಆಣೆಗಳು, ಶಪಥಗಳು, ಈ ಯೋಮ್ ಕಿಪ್ಪೂರಿನಿಂದ ಮುಂದಿನ ಯೋಮ್ ಕಿಪ್ಪೂರಿನವರೆಗೆ ನಾವು ಮಾಡಿಕೊಳ್ಳಬಹುದಾದವು, ರದ್ದಾಗಲಿ. ದೇವರಿಗೂ ತನಗೂ ನಡುವಿನ ಹರಕೆಗಳ ಮಾತು ಇದು, ಇನ್ನೊಬ್ಬ ಮನುಷ್ಯನಿಗೆ ಕೊಟ್ಟ ಮಾತಿನದಲ್ಲ. ಹಳೆಯ ಕಾಲದ ದೊಡ್ಡ ರಬ್ಬಿಗಳಲ್ಲೇ ಹಲವರು ಇದನ್ನು ಒಪ್ಪಲಿಲ್ಲ. ಯಹೂದಿಗಳ ಆಣೆಯನ್ನು ನಂಬಬೇಡಿ, ನೋಡಿ ಅವರ ಪ್ರಾರ್ಥನೆಯನ್ನು ಅಂತ ದ್ವೇಷಿಗಳು ಶತಮಾನಗಳ ಕಾಲ ಇದನ್ನೇ ಎತ್ತಿ ತೋರಿಸಿದರು. 1844ರಲ್ಲಿ ಜರ್ಮನಿಯ ಬ್ರಾನ್ಶ್ವೈಗ್‌ನಲ್ಲಿ ಸೇರಿದ ಸುಧಾರಕ ರಬ್ಬಿಗಳು ಕೈಬಿಡೋಣ ಅಂದರು. ಕೆಲವು ಕಡೆ ಮಾತು ತೆಗೆದು ಅದೇ ಮಟ್ಟಿಗೆ ಬೇರೆ ಕೀರ್ತನೆ ಕೂರಿಸಿದರು. ಆದರೂ ಹೋಗಲಿಲ್ಲ. ಈ ಪಠ್ಯವನ್ನು ಉಳಿಸಿದ್ದು ಅದರ ಮಟ್ಟು ಎಂದೇ ನನ್ನ ನಂಬಿಕೆ.

ಮೂರು ಸಲ ಹಾಡುತ್ತಾರೆ. ಮಧ್ಯಯುಗದ ಫ್ರಾನ್ಸಿನ ಮಹ್ಜೋರ್ ವಿತ್ರಿ ಎನ್ನುವ ಪ್ರಾರ್ಥನಾ ಗ್ರಂಥ ಹೇಗೆ ಹಾಡಬೇಕು ಅಂತ ಹೇಳುತ್ತದೆ. ಮೊದಲ ಸಲ ಮೆಲ್ಲಗೆ, ಅರಮನೆಗೆ ಕಾಲಿಟ್ಟು ಬೆರಗಾದವರ ಹಾಗೆ. ಎರಡನೇ ಸಲ ಸ್ವಲ್ಪ ಗಟ್ಟಿಯಾಗಿ. ಮೂರನೇ ಸಲ ಇನ್ನೂ ಗಟ್ಟಿಯಾಗಿ, ಅರಮನೆ ಅಭ್ಯಾಸವಾದವರ ಹಾಗೆ. ಅಶ್ಕೆನಾಜಿ ಮಟ್ಟು ಮೇಲಿನ ಸ್ವರದಿಂದ ಹೊರಟು ತಗ್ಗಿ ತಗ್ಗಿ ಇಳಿಯುತ್ತದೆ, ನಿಟ್ಟುಸಿರು ಬಿಟ್ಟಂತೆ, ಆಮೇಲೆ ಅಲ್ಲಿಂದ ಸಾವಕಾಶವಾಗಿ ಏರುತ್ತದೆ. ಮೂರನೇ ಸಲ ಹಜ್ಜಾನ್ ತಾರಸ್ಥಾಯಿಯಲ್ಲಿ ನಿಂತು ಹಾಡುವಾಗ ಇಡೀ ಸಭೆ ತುಟಿ ಅಲ್ಲಾಡಿಸುತ್ತಾ ಜೊತೆಯಲ್ಲಿರುತ್ತದೆ. ಮ್ಯಾಕ್ಸ್ ಬ್ರುಖ್ ಎನ್ನುವ ಪ್ರೊಟೆಸ್ಟೆಂಟ್ ಕ್ರೈಸ್ತ ಸಂಯೋಜಕ 1880ರಲ್ಲಿ ಈ ಮಟ್ಟನ್ನು ಚೆಲ್ಲೊ ಮತ್ತು ವಾದ್ಯವೃಂದಕ್ಕೆ ಅಳವಡಿಸಿದರು. ಸುಂದರವಾದ ಕೃತಿ. ಆದರೆ ಮಾತು ಇಲ್ಲದೆ, ಮೂರು ಸಲದ ಆ ಏರಿಕೆ ಇಲ್ಲದೆ ಅದು ಬೇರೆಯೇ ವಸ್ತು.

ಈ ಮಟ್ಟುಗಳಲ್ಲಿ ಕೆಲವನ್ನು ಪ್ರವಾದಿ ಮೋಶೆಗೆ ಸಿನಾಯ್ ಬೆಟ್ಟದ ಮೇಲೆ ಸಿಕ್ಕವು ಅಂತ ಭಾವಿಸುವ ರೂಢಿ ಇದೆ. ನಿಜಕ್ಕೂ ಅವು ಹುಟ್ಟಿದ್ದು ಮಧ್ಯಯುಗದಲ್ಲಿ, ರೈನ್ ನದಿಯ ದಂಡೆಯ ಊರುಗಳಲ್ಲಿ. ಮೈಂಜ್ ನಗರದ ಯಾಕೋಬ್ ಮೋಲಿನ್ ಎಂಬ ರಬ್ಬಿ, 1427ರಲ್ಲಿ ತೀರಿಕೊಂಡವರು, ಊರಿನ ರೂಢಿಯ ಮಟ್ಟನ್ನು ಬದಲಿಸಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿದರು. ಅವರ ಮಾತು ಮುಂದೆ ಧರ್ಮಶಾಸ್ತ್ರದ ಗ್ರಂಥಗಳಲ್ಲೂ ಸೇರಿತು. ಹೀಗೆ ಕಾಪಾಡಿದ್ದರಿಂದಲೇ ಅವು ನಮ್ಮ ಕಾಲದವರೆಗೆ ಬಂದಿವೆ.

19ನೇ ಶತಮಾನದಲ್ಲಿ ವಿಯೆನ್ನಾದ ಸಾಲೊಮನ್ ಸುಲ್ಜರ್, ಬರ್ಲಿನ್ನಿನ ಲೂಯಿ ಲೆವಾಂಡೊವ್ಸ್ಕಿ ಈ ಸಂಗೀತಕ್ಕೆ ಯುರೋಪಿನ ವೃಂದಗಾನದ ಶಿಸ್ತು ತಂದರು. ಸುಲ್ಜರ್ ಅವರ ದನಿ ಕೇಳಲು ಹೆಸರಾಂತ ಸಂಯೋಜಕ ಲಿಸ್ಟ್ ಸಿನಗಾಗ್‌ಗೆ ಹೋದರು. ಇನ್ನೊಬ್ಬ ಸಂಯೋಜಕ ಶೂಬರ್ಟ್ ತಾವು ತೀರಿಕೊಂಡ ವರ್ಷ, 1828ರಲ್ಲಿ, ಅವರಿಗಾಗಿ ಬೈಬಲಿನ 92ನೇ ಕೀರ್ತನೆಯನ್ನು ಹೀಬ್ರೂ ಮಾತಿನಲ್ಲೇ ಸ್ವರಕ್ಕೆ ಹಾಕಿದರು. ಅಚ್ಚುಕಟ್ಟಾದ ಸಂಗೀತ ಅದು. ಆದರೆ ನನ್ನ ಮನಸ್ಸು ಪೂರ್ವಕ್ಕೆ, ಉಕ್ರೇನ್, ಪೋಲೆಂಡ್ ಕಡೆಗೇ ಎಳೆಯುತ್ತದೆ. ಅಲ್ಲಿಯ ಹಜ್ಜಾನರು ಅಳುವನ್ನು ಸಂಗೀತದ ಒಳಗೇ ಇಟ್ಟುಕೊಂಡರು. ಸ್ವರದ ಕೊನೆಯಲ್ಲಿ ಗಂಟಲು ಕಟ್ಟಿದಂತೆ ಒಂದು ಬಿಕ್ಕು ಬರುತ್ತದೆ. ಬಿರ್ಕಾಗಳ ಹಾಗೆ ವೇಗವಾಗಿ ಉರುಳುವ ಸ್ವರಗಳು, ದಿಢೀರನೆ ಹೆಂಗಸಿನ ದನಿಯಷ್ಟು ತೆಳುವಾದ ಕಳ್ಳದನಿಗೆ ಜಿಗಿತ, ಮರುಕ್ಷಣ ಎದೆಯ ದನಿಗೆ ವಾಪಸ್ಸು.

ಗ್ರಾಮಫೋನ್ ಬಂದದ್ದೇ ಇವರನ್ನು ಜಗತ್ತು ಕೇಳಿತು. ವಾರ್ಸಾದ ಗೆರ್ಶೊನ್ ಸಿರೋಟಾ 20ನೇ ಶತಮಾನದ ಮೊದಲ ವರ್ಷಗಳಲ್ಲೇ ರೆಕಾರ್ಡ್ ಕೊಟ್ಟವರು. ಜಾವೆಲ್ ಕ್ವಾರ್ಟಿನ್, ಮೊರ್ದೆಖಾಯ್ ಹೆರ್ಶ್ಮನ್, ಯೊಸ್ಸೆಲೆ ರೋಸೆನ್‌ಬ್ಲಾಟ್ ಇವರ ತಟ್ಟೆಗಳು ಯುರೋಪ್, ಅಮೆರಿಕ ಎರಡೂ ಖಂಡಗಳಲ್ಲಿ ಮಾರಾಟವಾದವು. ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವುದು ನಾಲ್ಕು ನಿಮಿಷದಷ್ಟು. ಅರ್ಧ ಗಂಟೆ ಹರಿಯುತ್ತಿದ್ದದ್ದನ್ನು ಅಷ್ಟರಲ್ಲಿ ಹಿಡಿದಿಟ್ಟರು. ಒಡೆಸ್ಸಾದ ಪ್ರಸಿದ್ಧ ಹಜ್ಜಾನ್ ಪಿನ್ಹಾಸ್ ಮಿಂಕೋವ್ಸ್ಕಿ ಇದನ್ನು ಕಟುವಾಗಿ ವಿರೋಧಿಸಿದರು. ದೇವರ ಮುಂದೆ ಹೇಳುವ ಮಾತು ಎಲ್ಲೆಂದರಲ್ಲಿ ಮೊಳಗಬಾರದು ಎನ್ನುವ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ತಟ್ಟೆಗಳಿಲ್ಲದಿದ್ದರೆ ಇವತ್ತು ಏನೂ ಉಳಿಯುತ್ತಿರಲಿಲ್ಲ. ಸಿರೋಟಾ 1943ರಲ್ಲಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೊದಲ್ಲಿ ತಮ್ಮ ಕುಟುಂಬದ ಜೊತೆ ಸತ್ತರು. ಅವರು ವರ್ಷಗಟ್ಟಲೆ ಹಾಡಿದ್ದ ತ್ವೊಮಾಟ್ಸ್ಕಿ ಬೀದಿಯ ದೊಡ್ಡ ಸಿನಗಾಗನ್ನು ನಾಜಿಗಳು ಅದೇ ವರ್ಷ ಮೇ 16ರಂದು ಸಿಡಿಸಿ ಉರುಳಿಸಿದರು. ಅಲ್ಲಿ ಹಾಡುತ್ತಿದ್ದವರು, ಆಮೇನ್ ಅನ್ನುತ್ತಿದ್ದವರು, ಆ ಗೋಡೆಗಳು, ಯಾವುದೂ ಇಲ್ಲ. ತಟ್ಟೆಯ ಕರಕರ ಸದ್ದಿನ ಹಿಂದೆ ಆ ದನಿ ಮಾತ್ರ ಇದೆ.

ರೋಸೆನ್‌ಬ್ಲಾಟ್ ಅವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕಲೆಗೂ ಪ್ರಾರ್ಥನೆಗೂ ನಡುವಿನ ಎಳೆದಾಟವನ್ನು ಅವರಷ್ಟು ಬದುಕಿ ತೋರಿಸಿದವರು ಕಡಿಮೆ. ಹುಟ್ಟಿದ್ದು 1882ರಲ್ಲಿ ಉಕ್ರೇನಿನ ಬಿಲಾ ತ್ಸೆರ್ಕ್ವಾದಲ್ಲಿ. 1912ರಲ್ಲಿ ನ್ಯೂಯಾರ್ಕಿನ ಒಹಬ್ ಜೆಡೆಕ್ ಸಿನಗಾಗ್‌ಗೆ ಬಂದರು. 1918ರಲ್ಲಿ ಶಿಕಾಗೊ ಅಪೆರಾ ಅವರನ್ನು ಕರೆಯಿತು, ಒಂದು ಪ್ರದರ್ಶನಕ್ಕೆ 1,000 ಡಾಲರ್. ಪಾತ್ರ ಯಹೂದಿಯದೇ, ಶುಕ್ರವಾರ ರಾತ್ರಿ ಹಾಡಬೇಕಿಲ್ಲ, ಗಡ್ಡ ಬೋಳಿಸಬೇಕಿಲ್ಲ. ಆದರೂ ಒಲ್ಲೆ ಅಂದರು. ಸಭೆಯ ಪರವಾಗಿ ನಿಲ್ಲುವವರು ರಂಗದ ಮೇಲೆ ವೇಷ ಕಟ್ಟಬಾರದು ಎನ್ನುವುದು ಅವರ, ಅವರ ಸಭೆಯವರ ನಿಲುವು. ಮುಂದೆ ಒಂದು ಪತ್ರಿಕೆಗೆ ಹಣ ಹಾಕಿ 1925ರಲ್ಲಿ ದಿವಾಳಿಯಾದರು. ಸಾಲ ತೀರಿಸಲು ಊರೂರು ತಿರುಗಿ ವಿನೋದಾವಳಿಗಳ ವೇದಿಕೆಯಲ್ಲಿ ಹಾಡಿದರು, ವೇಷವಿಲ್ಲದೆ. 1927ರಲ್ಲಿ, ಮಾತು ಬಂದ ಮೊದಲ ದೊಡ್ಡ ಚಿತ್ರ ದಿ ಜಾಜ್ ಸಿಂಗರ್‌ನಲ್ಲಿ ಅವರಾಗಿಯೇ ಕಾಣಿಸಿಕೊಂಡರು. ಅದು ಹಜ್ಜಾನರೊಬ್ಬರ ಮಗನ ಕಥೆ. ಕೋಲ್ ನಿದ್ರೆ ಹಾಡಲು ಕೇಳಿದರೆ ಒಪ್ಪಲಿಲ್ಲ, ಪ್ರಾರ್ಥನೆಗೆ ಸೇರದ, ಪೂರ್ವ ಯುರೋಪಿನ ಯಹೂದಿಗಳ ಆಡುಮಾತಾದ ಯಿದ್ದಿಶ್ ಭಾಷೆಯ ಹಾಡೊಂದನ್ನು ಹಾಡಿದರು. 1933ರಲ್ಲಿ ಜೆರುಸಲೇಮಿನಲ್ಲಿ ತೀರಿಕೊಂಡಾಗ ಅವರಿಗೆ 51 ವರ್ಷ. ಹಣ ಬೇಕಿದ್ದಾಗಲೂ ಯಾವುದನ್ನು ಮಾರಬಾರದು ಅಂತ ಅವರಿಗೆ ಗೊತ್ತಿತ್ತು. ಆ ಗೆರೆ ಅವರ ದನಿಯಲ್ಲೂ ನನಗೆ ಕೇಳಿಸುತ್ತದೆ. ಎಷ್ಟೇ ಬೆಡಗಿನ ಸ್ವರ ಹಾಕಿದರೂ ಪದ ಕೈತಪ್ಪಿ ಹೋಗುವುದಿಲ್ಲ.

ಹಜ್ಜಾನರು ಪ್ರಾರ್ಥನೆಯನ್ನು ಪ್ರದರ್ಶನ ಮಾಡಿಬಿಟ್ಟರು ಎನ್ನುವ ದೂರು ಹಳೆಯದು. ಎಳೆದು ಎಳೆದು ಹಾಡುತ್ತಾರೆ, ಪದಗಳನ್ನು ಮತ್ತೆ ಮತ್ತೆ ಹೇಳುತ್ತಾರೆ, ಜನ ಸುಮ್ಮನೆ ಕೂತು ಕೇಳುವಂತಾಗಿದೆ ಅಂತ. 16ನೇ ಶತಮಾನದ ಶುಲ್ಹಾನ್ ಆರುಖ್ ಎನ್ನುವ ಶಾಸ್ತ್ರಗ್ರಂಥ ಇದಕ್ಕೆ ಕೊಡುವ ತೀರ್ಪು ನನಗೆ ಬಹಳ ಇಷ್ಟ. ದೇವರನ್ನು ಇಂಪಾಗಿ ಹೊಗಳುವ ಭಾಗ್ಯ ಸಿಕ್ಕಿತಲ್ಲ ಎಂಬ ಖುಷಿಯಿಂದ ಉದ್ದ ಹಾಡಿದರೆ ಅವರಿಗೆ ಒಳ್ಳೆಯದಾಗಲಿ. ತನ್ನ ದನಿ ಎಲ್ಲರೂ ಕೇಳಲಿ ಎಂದು ಉದ್ದ ಹಾಡಿದರೆ ಅದು ಹೀನ. ಹೊರಗಿನಿಂದ ಎರಡೂ ಒಂದೇ ಥರ ಕೇಳಿಸುತ್ತವೆ. ಅದಕ್ಕೇ ಹಿನೆನಿ ಬೇಕು.

ಹೆಂಗಸರ ವಿಷಯ ಹೇಳದೆ ಬಿಡಲಾರೆ. ಗಂಡಸರ ಮುಂದೆ ಹೆಂಗಸರು ಹಾಡಬಾರದು ಎನ್ನುವ ಕಟ್ಟಳೆ ಸಾಂಪ್ರದಾಯಿಕರಲ್ಲಿ ಇವತ್ತಿಗೂ ಇದೆ. ಆದರೆ ದನಿ ಸುಮ್ಮನಿರುತ್ತದಾ? 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಎಮಾನ್ಯುಯೆಲ್ ಸಿನಗಾಗ್‌ನ ಹಜ್ಜಾನ್ ತೀರಿಕೊಂಡಾಗ ಅಪೆರಾ ಗಾಯಕಿ ಜೂಲಿ ರೋಸ್‌ವಾಲ್ಡ್ ಆ ಜಾಗದಲ್ಲಿ ನಿಂತು ವರ್ಷಗಳ ಕಾಲ ಹಾಡಿದರು. 1920ರ ದಶಕದಲ್ಲಿ ಸೋಫಿ ಕುರ್ಟ್ಸರ್ ತಟ್ಟೆಗಳಲ್ಲಿ ಹಾಡಿದರು, ಆಮೇಲೆ ಫ್ರೇಡೆಲೆ ಓಯ್ಶರ್ ರೇಡಿಯೊದಲ್ಲಿ, ಯಿದ್ದಿಶ್ ರಂಗಭೂಮಿಯಲ್ಲಿ ಹಾಡಿದರು. ಗಂಡಸರ ಹಾಡುಗಾರಿಕೆಯ ಅದೇ ಬಿಕ್ಕು, ಅದೇ ಉರುಳು ಅವರಲ್ಲೂ ಇತ್ತು. ಸಿನಗಾಗ್‌ನ ಪೀಠ ಮಾತ್ರ ಅವರಿಗೆ ಸಿಗಲಿಲ್ಲ. 1975ರಲ್ಲಿ ಸುಧಾರಕ ಪಂಥದ ಕಾಲೇಜು ಬಾರ್ಬರಾ ಓಸ್ಟ್‌ಫೆಲ್ಡ್ ಅವರಿಗೆ ಹಜ್ಜಾನ್ ಪದವಿ ಕೊಟ್ಟಿತು, 1987ರಲ್ಲಿ ನಡುಹಾದಿಯ ಕನ್ಸರ್ವೇಟಿವ್ ಪಂಥವೂ ಹಾದಿ ತೆರೆಯಿತು. ಬರಿದಾದ ಮನೆಯ ಸಂಕಟ ಗೊತ್ತಿರುವವರು ನಿಲ್ಲಬೇಕು ಅಂತ ಮಿಶ್ನಾ ಹೇಳುತ್ತದಲ್ಲ, ಆ ಅರ್ಹತೆ ಅಮ್ಮಂದಿರಿಗೆ ಇಲ್ಲವೇ?

ಈಗ ಬಹಳಷ್ಟು ಸಿನಗಾಗ್‌ಗಳಲ್ಲಿ ಎಲ್ಲರೂ ಕೂಡಿ ಹಾಡುವ ಸರಳ ಮಟ್ಟುಗಳೇ ಹೆಚ್ಚು, ಸುಧಾರಕರಲ್ಲಿ ಗಿಟಾರ್ ಕೂಡ ಬಂದಿದೆ. ಕೂಡಿ ಹಾಡುವುದು ಒಳ್ಳೆಯದೇ. ಆದರೆ ಕೆಲವು ಸಂಕಟಗಳು ಕೂಡಿ ಹಾಡಲು ಬರುವುದಿಲ್ಲ. ಈ ವರ್ಷ ಯಾರು ಬದುಕುತ್ತಾರೆ, ಯಾರು ಸಾಯುತ್ತಾರೆ, ಯಾರು ನೀರಿನಿಂದ, ಯಾರು ಬೆಂಕಿಯಿಂದ ಎಂದು ಕೇಳುವ ಉನೆತಾನೆ ತೋಕೆಫ್ ಪ್ರಾರ್ಥನೆಯನ್ನು ಚಪ್ಪಾಳೆ ತಟ್ಟಿ ಹಾಡಲಾಗದು. ಅಲ್ಲಿ ಒಬ್ಬರು ನಿಲ್ಲಬೇಕು, ಉಳಿದವರು ಅವರ ದನಿಯ ಹಿಂದೆ ನಿಂತು ಅಳಬೇಕು. 1973ರ ಯೋಮ್ ಕಿಪ್ಪೂರ್ ಯುದ್ಧದಲ್ಲಿ ಹನ್ನೊಂದು ಜನರನ್ನು ಕಳೆದುಕೊಂಡ ಬೇತ್ ಹಶಿಟಾ ಎನ್ನುವ, ಎಲ್ಲರೂ ಕೂಡಿ ದುಡಿದು ಬಾಳುವ ಕಿಬುತ್ಸ್‌ಗಾಗಿ 1990ರಲ್ಲಿ ಯಾಯಿರ್ ರೋಸೆನ್‌ಬ್ಲುಮ್ ಈ ಮಾತುಗಳಿಗೆ ಹೊಸ ಮಟ್ಟು ಕಟ್ಟಿದರು. ಧರ್ಮಾಚರಣೆ ಬಿಟ್ಟಿದ್ದ ಆ ಹಳ್ಳಿಗೂ ಕೊನೆಗೆ ಬೇಕಾದದ್ದು ಒಬ್ಬರ ದನಿ. ಇವತ್ತು ಆ ಮಟ್ಟು ಇಸ್ರೇಲಿನ ಎಷ್ಟೋ ಸಿನಗಾಗ್‌ಗಳಲ್ಲಿ ಕೇಳಿಬರುತ್ತದೆ. ಹಳೆಯ ಶೈಲಿಯೂ ಪೂರ್ತಿ ಹೋಗಿಲ್ಲ. ಯಿತ್ಸಾಖ್ ಮೇಯಿರ್ ಹೆಲ್ಫ್ಗಾಟ್ ಅದೇ ಹಾದಿಯಲ್ಲಿ ಹಾಡುತ್ತಾರೆ, ಪಿಟೀಲು ವಾದಕ ಇತ್ಝಾಕ್ ಪರ್ಲ್‌ಮನ್ ಜೊತೆ 2012ರಲ್ಲಿ ಒಂದು ಆಲ್ಬಂ ಮಾಡಿದರು. ಬ್ರೂಕ್ಲಿನ್ನಿನ ಹಸೀದಿ ಎನ್ನುವ ಕಟ್ಟಾ ಸಾಂಪ್ರದಾಯಿಕ ಪಂಥದ ಮನೆಗಳ ಹುಡುಗರು ಹಳೆಯ ತಟ್ಟೆಗಳನ್ನು ಕೇಳಿ ಕೇಳಿಯೇ ಕಲಿಯುತ್ತಿದ್ದಾರೆ.

ಕೇಳಬೇಕು ಅನ್ನಿಸಿದವರಿಗೆ ಒಂದು ದಾರಿ ಹೇಳುತ್ತೇನೆ. ಮೊದಲು ರೋಸೆನ್‌ಬ್ಲಾಟ್. ಆಮೇಲೆ ಪಿಯೆರ್ ಪಿಂಚಿಕ್ ಹಾಡಿರುವ ರೊಜೊ ದ್ ಶಾಬೊಸ್. ಶುಕ್ರವಾರ ಸಂಜೆ ಹೇಳುವ, ಜೊಹಾರ್ ಎಂಬ ಅನುಭಾವ ಗ್ರಂಥದ ಮಾತುಗಳು ಅವು. ಸಿರೋಟಾ ಅವರನ್ನು ಕೇಳುವಾಗ ಸ್ವಲ್ಪ ಸದ್ದು ತಗ್ಗಿಸಿಕೊಳ್ಳಿ, ಆ ದನಿಯ ಗಾತ್ರಕ್ಕೆ ಆಗಿನ ಯಂತ್ರವೇ ಸಾಲುತ್ತಿರಲಿಲ್ಲ. ಇಷ್ಟಾದ ಮೇಲೆ ಮೋಶೆ ಕೂಸೆವಿಟ್ಸ್ಕಿ. ಅವರೂ ವಾರ್ಸಾದ ಅದೇ ತ್ವೊಮಾಟ್ಸ್ಕಿ ಸಿನಗಾಗ್‌ನವರು, ಯುದ್ಧದಲ್ಲಿ ಸೋವಿಯತ್ ನಾಡಿಗೆ ತಪ್ಪಿಸಿಕೊಂಡು ಹೋಗಿ ಉಳಿದು, ಕೊನೆಗೆ ಬ್ರೂಕ್ಲಿನ್ನಿಗೆ ಬಂದರು. ಅವರದ್ದು ಸ್ಟುಡಿಯೊ ತಟ್ಟೆಗಳಿಗಿಂತ ಸೆಲಿಹೋತ್ ಎನ್ನುವ ಕ್ಷಮೆ ಬೇಡುವ ಪ್ರಾರ್ಥನೆಯ ರೆಕಾರ್ಡಿಂಗ್‌ಗಳನ್ನು ಹುಡುಕಿ. ಶಬ್ಬಾತಿನಂದು, ಹಬ್ಬದಂದು ರೆಕಾರ್ಡ್ ಮಾಡುವ ಹಾಗಿಲ್ಲ. ಸೆಲಿಹೋತ್ ಹೊಸ ವರ್ಷಕ್ಕೆ ಮುಂಚೆ, ಶನಿವಾರ ಶಬ್ಬಾತ್ ಮುಗಿದ ಮೇಲೆ ನಡುರಾತ್ರಿಯ ಹೊತ್ತಿಗೆ ನಡೆಯುವುದರಿಂದ ಅಡ್ಡಿ ಇಲ್ಲ. ಅದರಲ್ಲಿ ಅವರೊಬ್ಬರದ್ದೇ ದನಿ ಅಲ್ಲ, ಜನರ ಕೆಮ್ಮು, ಗುಣುಗುಣು, ಯಾರೋ ಮುಂಚೆಯೇ ಆಮೇನ್ ಅಂದುಬಿಡುವುದು, ಅವರು ಮೇಲಿನ ಸ್ವರ ಮುಟ್ಟಿದಾಗ ಸಭೆಯೆಲ್ಲ ಓ ಅನ್ನುವುದು, ಎಲ್ಲ ಕೇಳಿಸುತ್ತದೆ. ಇಯರ್‌ಫೋನ್ ಹಾಕಿಕೊಂಡೇ ಕೇಳಿ, ಆ ಗಲಾಟೆಯೂ ಬೇಕು.